ನಾಲ್ಕು ಕೈಗಳಲ್ಲಿ ಒಂದು ವಾದ್ಯವೃಂದ

ಬೀಥೋವನ್ ಅವರ ಒಂಬತ್ತನೆಯ ಸಿಂಫನಿಯು 1824ರ ಮೇ 7ರಂದು ವಿಯೆನ್ನಾ ನಗರದ ಒಂದು ರಂಗಮಂದಿರದಲ್ಲಿ ಮೊದಲ ಬಾರಿಗೆ ನುಡಿಯಿತು. ಅಂದು ಅಲ್ಲಿ ಕುಳಿತಿದ್ದವರು ಅದನ್ನು ಕೇಳಿದರು. ಉಳಿದ ಯುರೋಪು ಕೇಳಲಿಲ್ಲ. ಧ್ವನಿಮುದ್ರಿಕೆಯಾಗಲಿ ರೇಡಿಯೊ ಆಗಲಿ ಇಲ್ಲದ ಕಾಲವದು. ದೊಡ್ಡ ವಾದ್ಯವೃಂದವೂ ಗಾಯಕ ಸಮೂಹವೂ ಕೂಡಿ ನುಡಿಸಬೇಕಾದ ಅಂತಹ ಕೃತಿಯನ್ನು, ರಾಜಧಾನಿಯಿಂದ ದೂರದ ಸಣ್ಣ ಊರಿನಲ್ಲಿದ್ದ ಉಪಾಧ್ಯಾಯನೋ ವೈದ್ಯನೋ ತನ್ನ ಜೀವಮಾನದಲ್ಲಿ ಒಮ್ಮೆಯಾದರೂ ಕೇಳುವನೆಂಬ ಭರವಸೆಯಿರಲಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಬೀಥೋವನ್ನರ ಒಂಬತ್ತು ಸಿಂಫನಿಗಳೂ ಆ ಖಂಡದ ಅಸಂಖ್ಯ ಮನೆಗಳಿಗೆ ಪರಿಚಿತವಾಗಿದ್ದವು. ಇದು ಹೇಗಾಯಿತು?

ಉತ್ತರವು ಸಭಾಂಗಣಗಳ ಚರಿತ್ರೆಯಲ್ಲಿ ಸಿಗದು. ಮನೆಯ ನಡುಕೋಣೆಯ ಚರಿತ್ರೆಯಲ್ಲಿ ಸಿಗುತ್ತದೆ. ಅಲ್ಲಿದ್ದ ಪಿಯಾನೊದ ಮುಂದೆ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತು, ನಾಲ್ಕು ಕೈಗಳಿಂದ, ಇಡೀ ವಾದ್ಯವೃಂದದ ಕೃತಿಯನ್ನು ನುಡಿಸುತ್ತಿದ್ದರು. ಅದಕ್ಕೆಂದೇ ಸಿದ್ಧಪಡಿಸಿದ ಸ್ವರಲಿಪಿಯ ಪುಸ್ತಕಗಳು ಅಚ್ಚಾಗಿ ಊರೂರಿಗೆ ಹೋಗುತ್ತಿದ್ದವು. ಸುಮಾರು ನೂರು ವರ್ಷಗಳ ಕಾಲ ಸಿಂಫನಿಯ ನಿಜವಾದ ಪಾಠಶಾಲೆಯಾಗಿದ್ದುದು ಈ ಜೋಡಿವಾದನವೇ. ಸಂಗೀತಚರಿತ್ರೆಯು ರಚನಕಾರರನ್ನೂ ಮಹಾವಾದಕರನ್ನೂ ನೆನೆದಷ್ಟು ಈ ಮನೆವಾದಕರನ್ನು ನೆನೆದಿಲ್ಲ. ಅವರ ಕಥೆಯನ್ನು ಈ ಸಂಚಿಕೆಯ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ತೆಂಕುತಿಟ್ಟಿನ ನೆಲವಾದ ಕಾಸರಗೋಡಿನ ನಮಗೆ ಇಂತಹ ಏರ್ಪಾಡು ತೀರ ಅಪರಿಚಿತವೇನಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಇರುಳುಗಳಲ್ಲಿ, ಮನೆಯ ಚಾವಡಿಯಲ್ಲಿ ತಾಳಮದ್ದಳೆ ಕೂಡುತ್ತದೆ. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಹೆಜ್ಜೆಯಿಲ್ಲ; ಭಾಗವತರ ಪದ, ಮದ್ದಳೆಯ ನುಡಿ, ಅರ್ಥಧಾರಿಗಳ ಮಾತು ಇಷ್ಟೇ. ಬಯಲಾಟದ ವೈಭವವೆಲ್ಲ ಕಳಚಿದ ಮೇಲೂ ಪ್ರಸಂಗವು ಉಳಿಯುತ್ತದೆ. ಕೆಲವೊಮ್ಮೆ ಬಯಲಾಟದಲ್ಲಿ ಕಾಣದಿದ್ದ ಅದರ ಒಳಸುಳಿಗಳು ಚಾವಡಿಯಲ್ಲಿ ಕಾಣುತ್ತವೆ. ಸಿಂಫನಿಗೂ ಯುರೋಪಿನ ಮನೆಗಳಲ್ಲಿ ಇಂತಹದೇ ಒಂದು ವೇಷವಿಲ್ಲದ ರೂಪವಿತ್ತು. ತಾಳಮದ್ದಳೆಯು ಬೆಳೆದು ಸ್ವತಂತ್ರ ಕಲೆಯಾಯಿತು. ನಾಲ್ಕು ಕೈಗಳ ರೂಪಾಂತರವು ಬಹುಮಟ್ಟಿಗೆ ಅಧ್ಯಯನದ ಸಾಧನವಾಗಿಯೇ ಉಳಿಯಿತು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ವಾದ್ಯವೂ ಅಚ್ಚುಕೂಟವೂ

ಒಂದೇ ವಾದ್ಯದ ಮುಂದೆ ಇಬ್ಬರು ಕೂಡುವ ಪದ್ಧತಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿಗೆ ಬಂತು. ಬಾಲಕ ಮೊಜಾರ್ಟ್ ತನ್ನ ಅಕ್ಕ ನಾನರ್ಲಳೊಂದಿಗೆ ಹೀಗೆ ನುಡಿಸುತ್ತಿದ್ದುದು ಪ್ರಸಿದ್ಧ. 1780ರ ಸುಮಾರಿಗೆ ರಚಿತವಾದ ಮೊಜಾರ್ಟ್ ಕುಟುಂಬದ ಚಿತ್ರದಲ್ಲಿ ಅಕ್ಕತಮ್ಮಂದಿರು ವಾದ್ಯದ ಮುಂದೆ ಕುಳಿತಿದ್ದಾರೆ, ಒಬ್ಬರ ಕೈ ಇನ್ನೊಬ್ಬರ ಕೈಯನ್ನು ದಾಟಿಹೋಗಿದೆ; ತಂದೆ ಪಿಟೀಲು ಹಿಡಿದು ನಿಂತಿದ್ದಾರೆ; ತೀರಿಹೋಗಿದ್ದ ತಾಯಿಯ ಭಾವಚಿತ್ರ ಗೋಡೆಯ ಮೇಲಿದೆ. 1777ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬರ್ನಿ ಅವರು ಇಬ್ಬರು ವಾದಕರಿಗಾಗಿ ಬರೆದ ನಾಲ್ಕು ಸೊನಾಟಾಗಳನ್ನು ಅಚ್ಚು ಹಾಕಿಸಿದರು. ಇವೆಲ್ಲ ಜೋಡಿವಾದನಕ್ಕೆಂದೇ ಹುಟ್ಟಿದ ಕೃತಿಗಳು. ವಾದ್ಯವೃಂದದ ಕೃತಿಗಳನ್ನು ಇದೇ ಅಚ್ಚಿಗೆ ಇಳಿಸುವ ಕೆಲಸವು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರವಾಹವಾಗಿ ಹರಿಯಿತು.

ಅದಕ್ಕೆ ವಾದ್ಯವೂ ಸಿದ್ಧವಾಗಬೇಕಿತ್ತು. ಮೊಜಾರ್ಟರ ಕಾಲದ ಪಿಯಾನೊದ ವ್ಯಾಪ್ತಿ ಐದು ಸ್ಥಾಯಿ ಮಾತ್ರ. ಶತಮಾನದ ಆರಂಭದ ದಶಕಗಳಲ್ಲಿ ಅದು ಆರು ಸ್ಥಾಯಿಗಳಿಗೆ ಹಿಗ್ಗಿತು; 1880ರ ದಶಕದ ಹೊತ್ತಿಗೆ ಇಂದಿನ 88 ಮನೆಗಳು ನೆಲೆಗೊಂಡವು. 1825ರಲ್ಲಿ ಬಾಸ್ಟನ್ನಿನಲ್ಲಿ ಪೇಟೆಂಟು ಪಡೆದ ಎರಕದ ಕಬ್ಬಿಣದ ಚೌಕಟ್ಟು ಮುಂದೆ ಎಲ್ಲೆಡೆ ಬಳಕೆಗೆ ಬಂದಾಗ ತಂತಿಗಳನ್ನು ಹೆಚ್ಚು ಬಿಗಿಯಾಗಿ ಎಳೆಯಲು ಸಾಧ್ಯವಾಯಿತು, ನಾದ ದೊಡ್ಡದಾಯಿತು. ಡಬಲ್ ಬಾಸಿನ ಮಂದ್ರದಿಂದ ಸಣ್ಣ ಕೊಳಲಿನ ತಾರದವರೆಗೆ ಹರಡಿಕೊಂಡ ವಾದ್ಯವೃಂದಕ್ಕೆ ಈಗ ಒಂದೇ ವಾದ್ಯದಲ್ಲಿ ಜಾಗ ದೊರೆಯಿತು. ಕಾರ್ಖಾನೆಗಳು ಹೆಚ್ಚಿದಂತೆ ಪಿಯಾನೊವು ಅರಮನೆಯಿಂದ ಇಳಿದು ವಕೀಲರ, ವರ್ತಕರ, ಅಧಿಕಾರಿಗಳ ಮನೆಗಳನ್ನು ಸೇರಿತು.

ಸ್ವರಲಿಪಿಯ ಪುಸ್ತಕವೂ ಅಗ್ಗವಾಯಿತು. ಶತಮಾನದ ಹೊಸ್ತಿಲಲ್ಲಿ ಬಂದ ಕಲ್ಲಚ್ಚು ಸಂಗೀತದ ಮುದ್ರಣಕ್ಕೆ ಹೊಸ ದಾರಿ ತೆರೆಯಿತು. 1719ರಲ್ಲಿ ಆರಂಭವಾಗಿದ್ದ ಲೈಪ್‌ಜಿಗ್ ನಗರದ ಬ್ರೈಟ್‌ಕಾಫ್ ಸಂಸ್ಥೆಯಂತಹ ಹಳೆಯ ಪ್ರಕಾಶಕರು ರೂಪಾಂತರಗಳನ್ನು ಹೊರತಂದರು. 1867ರಲ್ಲಿ ಅದೇ ನಗರದ ಪೀಟರ್ಸ್ ಸಂಸ್ಥೆಯು ಅಗ್ಗದ ಬೆಲೆಯ ಮಾಲೆಯೊಂದನ್ನು ಆರಂಭಿಸಿತು. ಹೊಸ ಸಿಂಫನಿಯೊಂದು ಅಚ್ಚಾದಾಗ ಅದರ ಪೂರ್ಣ ಸ್ವರಲಿಪಿಯನ್ನು ಕೊಳ್ಳುವವರು ವಾದ್ಯವೃಂದಗಳ ನಿರ್ದೇಶಕರು ಮಾತ್ರ, ಬೆರಳೆಣಿಕೆಯಷ್ಟು ಮಂದಿ. ಪ್ರಕಾಶಕರ ಕೈಹಿಡಿದದ್ದು ನಾಲ್ಕು ಕೈಗಳ ರೂಪವನ್ನು ಕೊಳ್ಳುತ್ತಿದ್ದ ಕುಟುಂಬಗಳು.

ಇಳಿಸುವ ಕೆಲಸದ ಒಳಗುಟ್ಟು

ಒಬ್ಬನೇ ವಾದಕನಿಗೆ ಇರುವುದು ಹತ್ತು ಬೆರಳು. ಅಷ್ಟರಲ್ಲಿ ವಾದ್ಯವೃಂದವನ್ನು ಹಿಡಿಯಬೇಕಾದರೆ ಒಂದೋ ಬಹಳಷ್ಟನ್ನು ಬಿಡಬೇಕು, ಇಲ್ಲವೇ ಆ ವಾದಕನು ಫ್ರಾನ್ಸ್ ಲಿಸ್ಟ್ ಅವರಂತಹ ಅಸಾಧಾರಣ ಪ್ರತಿಭೆಯಾಗಿರಬೇಕು. ಲಿಸ್ಟ್ ಅವರು ಬೀಥೋವನ್ನರ ಸಿಂಫನಿಗಳನ್ನು ಒಬ್ಬ ವಾದಕನಿಗೆ ಅಳವಡಿಸುವ ಕೆಲಸವನ್ನು 1837ರಲ್ಲಿ ಆರಂಭಿಸಿ, ಒಂಬತ್ತನ್ನೂ ಮುಗಿಸಿದ್ದು 1860ರ ದಶಕದಲ್ಲಿ. ಅವು ಮಹಾವಾದಕರಿಗೆ ಮಾತ್ರ ಎಟುಕುವ ಫಲಗಳು. ಇಬ್ಬರು ಕೂಡಿದರೆ ಇಪ್ಪತ್ತು ಬೆರಳು, ಹೊರೆ ಹಂಚಿಹೋಗುತ್ತದೆ. ಆಗ ಪ್ರತಿಯೊಬ್ಬರ ಪಾಲೂ ಸಾಮಾನ್ಯ ಅಭ್ಯಾಸಿಯ ಅಳವಿಗೆ ಬರುತ್ತದೆ. ಮನೆಮನೆಗೆ ಸಿಂಫನಿ ತಲುಪಿದ್ದರ ಗುಟ್ಟು ಈ ಸರಳ ಲೆಕ್ಕದಲ್ಲಿದೆ.

ಬಲಗಡೆ ಕುಳಿತವರ ಪಾಲಿಗೆ ತಾರಸ್ಥಾಯಿಗಳು. ಅದನ್ನು ಪ್ರಿಮೊ ಎನ್ನುತ್ತಾರೆ. ಎಡಗಡೆಯವರದು ಮಂದ್ರ, ಅಂದರೆ ಸೆಕೊಂಡೊ. ತೆರೆದ ಪುಸ್ತಕದಲ್ಲಿ ಎಡಪುಟ ಎಡಗಡೆಯವರಿಗೆ, ಬಲಪುಟ ಬಲಗಡೆಯವರಿಗೆ. ಸಾಮಾನ್ಯವಾಗಿ ರಾಗದ ಮುಖ್ಯ ಎಳೆ ಪ್ರಿಮೊದ ಕೈಯಲ್ಲಿ. ತಳದ ಸ್ವರ, ಸ್ವರಮೇಳದ ತುಂಬು, ಲಯದ ಹಿಡಿತ ಸೆಕೊಂಡೊದ ಕೈಯಲ್ಲಿ. ಪೆಡಲನ್ನು ಒತ್ತುವ ಹೊಣೆಯೂ ಹೆಚ್ಚಾಗಿ ಎಡಗಡೆಯವರದೇ. ಮೊಣಕೈಗಳು ತಾಗುವಷ್ಟು ಹತ್ತಿರ ಕುಳಿತು, ಒಬ್ಬರ ಕೈ ಬಿಟ್ಟ ಮನೆಯನ್ನು ಮರುಕ್ಷಣವೇ ಇನ್ನೊಬ್ಬರು ಹಿಡಿಯಬೇಕಾದ ಈ ಪದ್ಧತಿಯಲ್ಲಿ ಪರಸ್ಪರ ಆಲಿಸುವುದು ಅನಿವಾರ್ಯವಾಗಿತ್ತು.

ಬೀಥೋವನ್ನರ ಐದನೆಯ ಸಿಂಫನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಆರಂಭದ ನಾಲ್ಕು ಸ್ವರಗಳನ್ನು ತಂತಿವಾದ್ಯಗಳೂ ಕ್ಲಾರಿನೆಟ್ಟುಗಳೂ ಒಂದಾಗಿ ನುಡಿಸುತ್ತವೆ. ಪಿಯಾನೊದಲ್ಲಿ ಇಬ್ಬರೂ ಒಟ್ಟಿಗೆ ಹೊಡೆದಾಗ ಆ ಸ್ವರಗಳ ಆಕೃತಿ ಪೂರ್ತಿಯಾಗಿ ಸಿಗುತ್ತದೆ. ಕ್ಲಾರಿನೆಟ್ಟಿನ ಛಾಯೆ ಸಿಗುವುದಿಲ್ಲ. ಅದೇ ಭಾಗದಲ್ಲಿ ಮುಂದೆ ಎಲ್ಲ ವಾದ್ಯಗಳೂ ತಡೆದು ನಿಂತಾಗ ಓಬೊ ಒಂದೇ ಹೊರಬಂದು ಏಕಾಂಗಿಯಾಗಿ ಕೊರಗುವ ಒಂದು ಕ್ಷಣವಿದೆ. ಪಿಯಾನೊದಲ್ಲಿ ಆ ಸಾಲು ಮತ್ತೊಂದು ಸಾಲು ಮಾತ್ರ. ಅದು ಒಂಟಿ ದನಿಯೆಂಬುದನ್ನು ವಾದಕರು ತಮ್ಮ ಕಲ್ಪನೆಯಿಂದ ತುಂಬಬೇಕು. ಮೂರನೆಯ ಭಾಗವು ನಾಲ್ಕನೆಯದಕ್ಕೆ ಹೊರಳುವಲ್ಲಿ ನಗಾರಿಯ ಜಾತಿಯ ಟಿಂಪನಿಯು ಮೆಲ್ಲನೆ ಮಿಡಿಯುತ್ತದೆ. ಅದು ಸೆಕೊಂಡೊದ ಎಡಗೈಯಲ್ಲಿ ಮರುಮರುಕಳಿಸುವ ಒಂದು ಸ್ವರವಾಗುತ್ತದೆ. ಆಮೇಲೆ ಕೊನೆಯ ಭಾಗದಲ್ಲಿ ಅದುವರೆಗೆ ಸುಮ್ಮನಿದ್ದ ಮೂರು ಟ್ರಾಂಬೋನುಗಳೂ, ಸಣ್ಣ ಕೊಳಲೂ, ಕಾಂಟ್ರಾಬಸೂನೂ ಮೊದಲ ಬಾರಿಗೆ ಬಾಯಿ ತೆರೆಯುತ್ತವೆ. ಸಭಾಂಗಣದಲ್ಲಿ ಇದು ಕತ್ತಲೆಯ ಕೋಣೆಗೆ ಒಮ್ಮೆಲೇ ಬೆಳಕು ನುಗ್ಗಿದಂತೆ. ಪಿಯಾನೊದಲ್ಲಿಯೋ ಹೊಸ ವಾದ್ಯ ಬರುವುದೇ ಇಲ್ಲ. ಅದೇ ತಂತಿ, ಅದೇ ಸುತ್ತಿಗೆ.

ನಷ್ಟದ ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ಪಿಟೀಲಿನ ಸ್ವರವನ್ನು ಕಮಾನು ಎಳೆದಷ್ಟು ಹೊತ್ತು ಬೆಳೆಸಬಹುದು. ಪಿಯಾನೊದ ಸ್ವರ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ಆದ್ದರಿಂದ ದೀರ್ಘಸ್ವರಗಳಿರುವಲ್ಲಿ ರೂಪಾಂತರಕಾರರು ಎರಡು ಸ್ವರಗಳನ್ನು ಬೇಗಬೇಗನೆ ನಡುಗಿಸಿ ನಾದವನ್ನು ಜೀವಂತವಾಗಿಡಬೇಕಾಯಿತು. ಆದರೆ ಲಾಭವೂ ಇತ್ತು. ಬಣ್ಣ ಹೋದಾಗ ರೇಖೆ ತೋರುತ್ತದೆ. ಒಂದು ಸಣ್ಣ ಸ್ವರಗುಚ್ಛವು ಹೇಗೆ ಬೆಳೆದು, ಮುರಿದು, ತಲೆಕೆಳಗಾಗಿ, ಮತ್ತೆ ಕೂಡಿ ಮಹಾಕೃತಿಯಾಗುತ್ತದೆ ಎಂಬುದನ್ನು ನುಡಿಸುವವನ ಬೆರಳುಗಳೇ ಅರಿಯುತ್ತಿದ್ದವು. ಕಷ್ಟದ ಜಾಗದಲ್ಲಿ ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಹತ್ತು ಸಲ ಮಾಡಿ ನೋಡಬಹುದು. ಸಭಾಂಗಣದ ಶ್ರೋತೃವಿಗೆ ಇಲ್ಲದ ಸ್ವಾತಂತ್ರ್ಯವಿದು.

ಇಂತಹ ರೂಪಾಂತರವನ್ನು ಮಾಡಿದವರೂ ಸಾಮಾನ್ಯರಲ್ಲ. ಬೀಥೋವನ್ನರ ಶಿಷ್ಯ ಕಾರ್ಲ್ ಚೆರ್ನಿ ಅವರು ಗುರುಗಳ ಸಿಂಫನಿಗಳನ್ನು ನಾಲ್ಕು ಕೈಗಳಿಗೆ ಇಳಿಸಿದರು. ತಂತಿವಾದ್ಯಗಳ ಚತುಷ್ಕಕ್ಕೆಂದು ಬರೆದ ತಮ್ಮ ‘ಮಹಾ ಫ್ಯೂಗ್’ ಕೃತಿಗೆ ಬೇರೊಬ್ಬರು ಮಾಡಿಕೊಟ್ಟ ರೂಪಾಂತರ ಒಪ್ಪಿಗೆಯಾಗದೆ ಬೀಥೋವನ್ನರೇ 1826ರಲ್ಲಿ ಅದನ್ನು ನಾಲ್ಕು ಕೈಗಳಿಗೆ ಹೊಸದಾಗಿ ಬರೆದರು. ಬಹುಕಾಲ ಕಣ್ಮರೆಯಾಗಿದ್ದ ಅದರ ಹಸ್ತಪ್ರತಿ 2005ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಬಳಿಯ ಒಂದು ಧರ್ಮಶಿಕ್ಷಣ ಸಂಸ್ಥೆಯಲ್ಲಿ ದೊರೆತು, ಅದೇ ವರ್ಷ ಲಂಡನ್ನಿನ ಹರಾಜಿನಲ್ಲಿ ಹತ್ತು ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಹೋಯಿತು. ಮನೆವಾದನಕ್ಕೆಂದು ಮಾಡಿದ ರೂಪವನ್ನು ಆ ಮಹಾನುಭಾವರು ಕೀಳೆಂದು ಎಣಿಸಿರಲಿಲ್ಲ ಎಂಬುದಕ್ಕೆ ಆ ಹಸ್ತಪ್ರತಿಯೇ ಸಾಕ್ಷಿ.

ದೂರದವರ ಪಾಠಶಾಲೆ

ಪಿಯಾನೊ ರೂಪದಿಂದಲೇ ವಾದ್ಯವೃಂದದ ಕೃತಿಯನ್ನು ಎಷ್ಟರ ಮಟ್ಟಿಗೆ ಅರಿಯಬಹುದು? ಈ ಪ್ರಶ್ನೆಗೆ ಅತ್ಯಂತ ಬೆರಗಿನ ಉತ್ತರ ಕೊಟ್ಟವರು ರಾಬರ್ಟ್ ಶೂಮನ್. ಫ್ರಾನ್ಸಿನ ಬರ್ಲಿಯೋಜ್ ಅವರ ‘ಫೆಂಟಾಸ್ಟಿಕ್ ಸಿಂಫನಿ’ಯು 1830ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಯಿತು, ಅದರ ಪೂರ್ಣ ಸ್ವರಲಿಪಿ ಅಚ್ಚಾದದ್ದು 1845ರಲ್ಲಿ. ನಡುವೆ ಲಿಸ್ಟ್ ಅವರು 1833ರಲ್ಲಿ ಮಾಡಿದ ಏಕವಾದನದ ಪಿಯಾನೊ ರೂಪ ಮಾತ್ರ ಲಭ್ಯವಿತ್ತು. ಲೈಪ್‌ಜಿಗ್‌ನಲ್ಲಿದ್ದ ಶೂಮನ್ನರು ಆ ಸಿಂಫನಿಯನ್ನು ವಾದ್ಯವೃಂದದಲ್ಲಿ ಕೇಳಿರಲಿಲ್ಲ, ಪೂರ್ಣ ಸ್ವರಲಿಪಿಯನ್ನು ಕಂಡಿರಲಿಲ್ಲ. ಆದರೂ 1835ರಲ್ಲಿ ತಮ್ಮ ಪತ್ರಿಕೆಯಲ್ಲಿ ಅದರ ಬಗ್ಗೆ ದೀರ್ಘವಾದ ವಿಮರ್ಶೆಯನ್ನು ಹಲವು ಕಂತುಗಳಲ್ಲಿ ಬರೆದರು. ಸಂಗೀತವಿಮರ್ಶೆಯ ಚರಿತ್ರೆಯಲ್ಲಿ ಅದಕ್ಕೆ ಇಂದಿಗೂ ಗೌರವದ ಸ್ಥಾನವಿದೆ.

ರಷ್ಯಾದ ಕಥೆ ಇನ್ನೂ ಮನನೀಯ. 1857ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಂಗೀತದ ಮಹಾವಿದ್ಯಾಲಯವೇ ಇರಲಿಲ್ಲ. ಅದು ಆರಂಭವಾದದ್ದು 1862ರಲ್ಲಿ. ಆ ಮೊದಲು ಅಲ್ಲಿನ ಸೈನ್ಯದಲ್ಲಿದ್ದ ತರುಣ ಅಧಿಕಾರಿ ಮುಸೋರ್ಗ್‌ಸ್ಕಿ ಅವರು ತಮಗಿಂತ ಎರಡೇ ವರ್ಷ ಹಿರಿಯರಾದ ಬಾಲಕಿರೆವ್ ಅವರಲ್ಲಿ ಪಾಠಕ್ಕೆ ಸೇರಿದರು. ಪಾಠವೆಂದರೆ ಇಬ್ಬರೂ ಪಿಯಾನೊದ ಮುಂದೆ ಕುಳಿತು ಬೀಥೋವನ್, ಶೂಮನ್ ಮೊದಲಾದವರ ಕೃತಿಗಳನ್ನು ನಾಲ್ಕು ಕೈಗಳಲ್ಲಿ ನುಡಿಸುವುದು, ನಿಲ್ಲಿಸಿ ಚರ್ಚಿಸುವುದು, ಮತ್ತೆ ನುಡಿಸುವುದು. ವಿಯೆನ್ನಾದಿಂದಲೂ ಲೈಪ್‌ಜಿಗ್‌ನಿಂದಲೂ ಅಷ್ಟು ದೂರದಲ್ಲಿ, ಗುರುಕುಲದಂತಹ ಈ ಕೂಟದಲ್ಲಿ ಬೆಳೆದವರೇ ಮುಂದೆ ರಷ್ಯಾದ ಸಂಗೀತಕ್ಕೆ ತನ್ನದೇ ದನಿಯನ್ನು ಕೊಟ್ಟರು. ಎರವಲು ರೂಪದಲ್ಲಿ ಕಲಿತದ್ದರಿಂದ ಅವರು ಅನುಕರಣಕಾರರಾಗಲಿಲ್ಲ.

ಅದೇ ಬಳಗದಲ್ಲಿ ನದೆಜ್ದಾ ಪುರ್ಗೋಲ್ಡ್ ಎಂಬ ವಿದುಷಿ ಇದ್ದರು. 1872ರಲ್ಲಿ ರಚನಕಾರ ರಿಮ್ಸ್ಕಿ-ಕೊರ್ಸಾಕೊವ್ ಅವರನ್ನು ವಿವಾಹವಾದ ಈಕೆ ಗೆಳೆಯರ ಹೊಸ ಹೊಸ ಕೃತಿಗಳನ್ನು ನಾಲ್ಕು ಕೈಗಳಿಗೆ ಇಳಿಸಿಕೊಡುತ್ತಿದ್ದರು. ಚೈಕೊವ್ಸ್ಕಿ ಅವರ ‘ರೋಮಿಯೋ ಮತ್ತು ಜೂಲಿಯೆಟ್’ ಅವುಗಳಲ್ಲೊಂದು. ವಾದ್ಯವೃಂದಗಳು ಹೆಂಗಸರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಮನೆಯ ಪಿಯಾನೊ ಅವರದೇ ಕ್ಷೇತ್ರವಾಗಿತ್ತೆಂಬುದನ್ನು ಮರೆಯಲಾಗದು. ಸಭಾಂಗಣದ ವೇದಿಕೆಯಲ್ಲಿ ಸ್ಥಾನವಿಲ್ಲದ ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲಿ ಸಿಂಫನಿಯ ಪ್ರತಿಯೊಂದು ಸ್ವರವನ್ನೂ ಬಲ್ಲವರಾಗಿದ್ದರು. ಮಕ್ಕಳಿಗೆ ಅದನ್ನು ಕಲಿಸಿದವರೂ ಹೆಚ್ಚಾಗಿ ಅವರೇ.

ಸೋತ ಕೃತಿಯೊಂದನ್ನು ಈ ರೂಪವು ಉಳಿಸಿದ ಪ್ರಸಂಗವೂ ಉಂಟು. ಬ್ರುಕ್ನರ್ ಅವರ ಮೂರನೆಯ ಸಿಂಫನಿಯು 1877ರ ಡಿಸೆಂಬರ್ 16ರಂದು ವಿಯೆನ್ನಾದಲ್ಲಿ ಅವರದೇ ನಿರ್ದೇಶನದಲ್ಲಿ ಮೊದಲು ನುಡಿಯಿತು. ಶ್ರೋತೃಗಳು ಒಬ್ಬೊಬ್ಬರಾಗಿ ಎದ್ದುಹೋದರು. ಕೊನೆಗೆ ಉಳಿದವರು ಕೆಲವೇ ಕೆಲವು ಅಭಿಮಾನಿಗಳು. ನೊಂದು ನಿಂತಿದ್ದ ಬ್ರುಕ್ನರರ ಬಳಿಗೆ ಪ್ರಕಾಶಕ ರೆಟ್ಟಿಗ್ ಅವರು ಬಂದು ಕೃತಿಯನ್ನು ತಾವು ಅಚ್ಚು ಹಾಕುವುದಾಗಿ ಹೇಳಿದರು. ಅದರ ನಾಲ್ಕು ಕೈಗಳ ರೂಪವನ್ನು ಸಿದ್ಧಪಡಿಸಿದವರು ಇಬ್ಬರು ತರುಣ ವಿದ್ಯಾರ್ಥಿಗಳು: ಗುಸ್ತಾವ್ ಮಾಹ್ಲರ್ ಮತ್ತು ರುಡಾಲ್ಫ್ ಕ್ರಿಜನೋವ್ಸ್ಕಿ. ಸಭೆ ತಿರಸ್ಕರಿಸಿದ ಕೃತಿ ಮನೆಗಳ ಮೂಲಕ ಬದುಕುವ ದಾರಿ ಹೀಗೆ ತೆರೆಯಿತು. ಮಾಹ್ಲರ್ ಅವರೇ ಮುಂದೆ ಸಿಂಫನಿಯ ಮಹಾರಚನಕಾರರಾದರು; ಹಿರಿಯರ ಕೃತಿಯನ್ನು ಬಿಡಿಸಿ ಜೋಡಿಸುತ್ತಾ ಅವರು ಕಲಿತ ಪಾಠ ವ್ಯರ್ಥವಾಗಲಿಲ್ಲ.

ಬ್ರಾಮ್ಸ್ ಅವರಿಂದ ಸ್ಟ್ರಾವಿನ್ಸ್ಕಿಯವರೆಗೆ

ರಚನಕಾರರೇ ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದುದಕ್ಕೆ ಯೋಹಾನ್ಸ್ ಬ್ರಾಮ್ಸ್ ಅವರಿಗಿಂತ ಉತ್ತಮ ನಿದರ್ಶನವಿಲ್ಲ. ತಮ್ಮ ಸಿಂಫನಿಗಳ ಪಿಯಾನೊ ರೂಪಗಳಲ್ಲಿ ಹೆಚ್ಚಿನವನ್ನು ಅವರು ತಾವೇ ಬರೆದರು. 1885ರ ಅಕ್ಟೋಬರಿನಲ್ಲಿ ನಾಲ್ಕನೆಯ ಸಿಂಫನಿ ಸಿದ್ಧವಾದಾಗ, ವಾದ್ಯವೃಂದಕ್ಕೆ ಕೊಡುವ ಮುನ್ನ, ವಿಯೆನ್ನಾದಲ್ಲಿ ಆಪ್ತರ ಕೂಟವೊಂದರಲ್ಲಿ ಅವರು ಇಗ್ನಾಟ್ಸ್ ಬ್ರೂಲ್ ಅವರೊಂದಿಗೆ ಎರಡು ಪಿಯಾನೊಗಳಲ್ಲಿ ಅದನ್ನು ನುಡಿಸಿದರು. ಅಲ್ಲಿದ್ದವರು ಪ್ರಸಿದ್ಧ ವಿಮರ್ಶಕ ಹನ್ಸ್‌ಲಿಕ್, ಶಸ್ತ್ರವೈದ್ಯ ಬಿಲ್ರೋಟ್, ನಿರ್ದೇಶಕ ರಿಕ್ಟರ್, ಮುಂದೆ ಬ್ರಾಮ್ಸರ ಜೀವನಚರಿತ್ರೆ ಬರೆದ ಕಾಲ್ಬೆಕ್ ಮುಂತಾದ ಘಟಾನುಘಟಿಗಳು. ಮೊದಲ ಭಾಗ ಮುಗಿದಾಗ ಸಭೆಯಲ್ಲಿ ಮೌನ. ಹೊಗಳಿಕೆಯ ಮಾತು ಬರಲಿಲ್ಲ. ಮಾರನೆಯ ದಿನ ಕಾಲ್ಬೆಕ್ ಅವರು ಮೂರನೆಯ ಭಾಗವನ್ನು ಕೈಬಿಡಬೇಕೆಂದು ಸಲಹೆಯಿತ್ತರು. ಬ್ರಾಮ್ಸರು ಒಪ್ಪಲಿಲ್ಲ. ಅದೇ ತಿಂಗಳ 25ರಂದು ಮೈನಿಂಗನ್ ಎಂಬ ಪುಟ್ಟ ಊರಿನಲ್ಲಿ ವಾದ್ಯವೃಂದವು ಅದನ್ನು ನುಡಿಸಿದಾಗ ಜನ ಮೆಚ್ಚಿದರು. ಪಿಯಾನೊ ರೂಪದ ಬಲವೂ ಮಿತಿಯೂ ಈ ಒಂದು ಪ್ರಸಂಗದಲ್ಲಿ ಒಟ್ಟಿಗೆ ಕಾಣುತ್ತವೆ. ಅಷ್ಟು ಬಲ್ಲವರಾದ ಶ್ರೋತೃಗಳಿಗೂ ಬಣ್ಣವಿಲ್ಲದ ರೇಖೆ ಮಾತ್ರ ಸಾಲದಾಯಿತು. ಬೆರಳಿನಿಂದ ನುಡಿಸಿದವನಿಗೆ ತಿಳಿದಷ್ಟು, ಪಕ್ಕದಲ್ಲಿ ಕುಳಿತು ಕೇಳಿದವನಿಗೆ ತಿಳಿಯುವುದಿಲ್ಲವೆಂಬುದನ್ನೂ ನಾವು ಇಲ್ಲಿ ಗಮನಿಸಬಹುದು.

ಇಪ್ಪತ್ತನೆಯ ಶತಮಾನದ ಹೊಸ ಸಂಗೀತವೂ ಮೊದಲು ಕಾಲಿಟ್ಟದ್ದು ಇದೇ ಬಾಗಿಲಿನಿಂದ. 1912ರಲ್ಲಿ ಪ್ಯಾರಿಸ್ಸಿನ ಬಳಿಯ ಬೆಲ್‌ವ್ಯೂನಲ್ಲಿ ವಿಮರ್ಶಕ ಲೂಯಿ ಲಲೋಯ್ ಅವರ ಮನೆಯಲ್ಲಿ ಸ್ಟ್ರಾವಿನ್ಸ್ಕಿ ಅವರು ತಮ್ಮ ‘ವಸಂತದ ವಿಧಿ’ ಕೃತಿಯನ್ನು ನಾಲ್ಕು ಕೈಗಳಲ್ಲಿ ನುಡಿಸಿದರು. ಎಡಗಡೆ ಕುಳಿತು ಮಂದ್ರದ ಪಾಲನ್ನು, ಅದುವರೆಗೆ ಕಂಡಿರದ ಸ್ವರಲಿಪಿಯಿಂದ ನೇರವಾಗಿ ನುಡಿಸಿದವರು ಡೆಬ್ಯುಸಿ. 1913ರ ಮೇ 29ರಂದು ಪ್ಯಾರಿಸ್ಸಿನ ರಂಗಮಂದಿರದಲ್ಲಿ ಅದು ನೃತ್ಯವಾಗಿ ಪ್ರದರ್ಶಿತವಾದಾಗ ಎದ್ದ ಗದ್ದಲ ಜಗತ್ಪ್ರಸಿದ್ಧ. ನಾಲ್ಕು ಕೈಗಳ ರೂಪ ಅದೇ ವರ್ಷ ಅಚ್ಚಾಯಿತು. ಪೂರ್ಣ ಸ್ವರಲಿಪಿ ಅಚ್ಚಾಗಲು 1921ರವರೆಗೆ ಕಾಯಬೇಕಾಯಿತು. ಎಂಟು ವರ್ಷಗಳ ಕಾಲ ಆ ಕ್ರಾಂತಿಕಾರಿ ಕೃತಿಯನ್ನು ಅಭ್ಯಸಿಸಬೇಕೆಂದವರಿಗೆ ಇಬ್ಬರು ವಾದಕರ ಆ ಪುಸ್ತಕವೇ ಗತಿಯಾಗಿತ್ತು.

ಮೊದಲ ಮಹಾಯುದ್ಧ ಮುಗಿದು ವಿಯೆನ್ನಾ ಹಸಿವಿನಿಂದ ಬಳಲುತ್ತಿದ್ದಾಗ, 1918ರಲ್ಲಿ, ಶೋನ್‌ಬರ್ಗ್ ಅವರು ಸದಸ್ಯರಿಗಷ್ಟೇ ಮೀಸಲಾದ ಒಂದು ಸಂಗೀತಸಂಘವನ್ನು ಕಟ್ಟಿದರು. ಅಲ್ಲಿ ಪತ್ರಿಕಾವಿಮರ್ಶಕರಿಗೆ ಪ್ರವೇಶವಿರಲಿಲ್ಲ, ಚಪ್ಪಾಳೆಗೂ ಅನುಮತಿಯಿರಲಿಲ್ಲ. ವಾದ್ಯವೃಂದವನ್ನು ಕೂಡಿಸಲು ಹಣವಿಲ್ಲದ ಆ ಸಂಘದಲ್ಲಿ ಮಾಹ್ಲರ್ ಮೊದಲಾದವರ ದೊಡ್ಡ ಕೃತಿಗಳು ಪಿಯಾನೊ ರೂಪದಲ್ಲಿ, ಅಥವಾ ಕೆಲವೇ ವಾದ್ಯಗಳ ರೂಪದಲ್ಲಿ, ಬಹಳ ಅಭ್ಯಾಸದ ಬಳಿಕ ನುಡಿಯುತ್ತಿದ್ದವು. 1921ರವರೆಗೆ ಈ ಪ್ರಯತ್ನ ನಡೆಯಿತು. ಬಡತನದಿಂದ ಹುಟ್ಟಿದ ಏರ್ಪಾಡಾದರೂ, ಬಣ್ಣದ ಮರೆಯಿಲ್ಲದೆ ಕೃತಿಯ ಕಟ್ಟಡವನ್ನೇ ಕೇಳಿಸುವ ಗುಣ ಅದಕ್ಕಿತ್ತು.

ತಟ್ಟೆ ತಿರುಗತೊಡಗಿದಾಗ

ಈ ಲೋಕವನ್ನು ಮುಗಿಸಿದ್ದು ಗ್ರಾಮಫೋನು. 1913ರ ನವೆಂಬರಿನಲ್ಲಿ ಆರ್ಥರ್ ನಿಕಿಶ್ ಅವರ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್ ವಾದ್ಯವೃಂದವು ಬೀಥೋವನ್ನರ ಐದನೆಯ ಸಿಂಫನಿಯನ್ನು ಧ್ವನಿಮುದ್ರಿಸಿತು. ತಟ್ಟೆಯ ಒಂದು ಮೈಯಲ್ಲಿ ನಾಲ್ಕು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಸುತ್ತಿದ್ದುದರಿಂದ ಇಡೀ ಕೃತಿಗೆ ಎಂಟು ಮೈಗಳು ಬೇಕಾದವು. 1925ರಲ್ಲಿ ಮೈಕ್ರೊಫೋನು ಬಳಸುವ ವಿದ್ಯುತ್ ಮುದ್ರಣ ಬಂತು. 1922ರಲ್ಲಿ ಆರಂಭವಾಗಿದ್ದ ಬಿಬಿಸಿಯಂತಹ ಪ್ರಸಾರಸಂಸ್ಥೆಗಳು ಸಂಗೀತವನ್ನು ಗಾಳಿಯಲ್ಲಿ ಹರಡಿದವು. 1948ರಲ್ಲಿ ದೀರ್ಘಾವಧಿಯ ತಟ್ಟೆಗಳು ಬಂದವು. ಇಬ್ಬರು ಕೂಡಿ ತಡವರಿಸುತ್ತಾ ನುಡಿಸಬೇಕಾಗಿದ್ದ ಸಿಂಫನಿ ಈಗ ಗುಂಡಿ ಒತ್ತಿದರೆ ಸಾಕು, ಓಬೊ, ಟ್ರಾಂಬೋನು ಸಹಿತವಾಗಿ ಕೋಣೆಯನ್ನು ತುಂಬುತ್ತಿತ್ತು. 1903ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ತತ್ತ್ವಜ್ಞ ಅಡೋರ್ನೊ ಅವರು 1933ರಲ್ಲಿ ನಾಲ್ಕು ಕೈಗಳ ವಾದನವನ್ನು ಕುರಿತು ಒಂದು ಕಿರುಲೇಖನ ಬರೆದರು. ಶಾಸ್ತ್ರೀಯ ಸಂಗೀತವನ್ನು ತಾವು ಬಾಲ್ಯದಲ್ಲಿ ಕಲಿತದ್ದು ಹೀಗೆಯೇ ಎಂದು ಅವರು ಅದರಲ್ಲಿ ನೆನೆಯುತ್ತಾರೆ. ಆ ಹೊತ್ತಿಗಾಗಲೇ ಅದು ಗತಕಾಲದ ನೆನಪಾಗಿತ್ತು.

ತಟ್ಟೆಯ ಮಹಿಮೆಯನ್ನು ಕನ್ನಡನಾಡಿನವರಾದ ನಾವು ಕಡೆಗಣಿಸುವಂತಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ಜೊತೆಗೆ ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತು ಲಂಡನ್ನಿನ ಸಂಗೀತಶಾಲೆಗಳ ಮನ್ನಣೆಯನ್ನೂ ಪಡೆದವರು. ಯುರೋಪಿನ ಸಭಾಂಗಣಗಳಿಂದ ಸಾವಿರಾರು ಮೈಲಿ ದೂರದಲ್ಲಿ ಅವರು ಸಂಗ್ರಹಿಸಿದ್ದ ಧ್ವನಿಮುದ್ರಿಕೆಗಳ ಭಂಡಾರ ಹೆಸರಾಂತದ್ದು. ಕೇಳಿ ಸುಮ್ಮನಾಗುವ ರಸಿಕತೆ ಅವರದಾಗಿರಲಿಲ್ಲ. ಲಂಡನ್ನಿನಲ್ಲಿ ನೆಲೆಸಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯಾದ ರಚನಕಾರ ಮೆಟ್‌ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಅವರು ಧನಸಹಾಯ ನೀಡಿದರು. ಮೆಟ್‌ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಕಾರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟಾಗ ಅದಕ್ಕೆ ಆರ್ಥಿಕ ಬೆಂಬಲವಾಗಿ ನಿಂತವರೂ ಅವರೇ. ದೂರದಲ್ಲಿದ್ದವನು ಕೇವಲ ಗ್ರಾಹಕನಾಗಬೇಕಿಲ್ಲ, ಪೋಷಕನೂ ಆಗಬಲ್ಲನೆಂದು ಅವರು ತೋರಿದರು. ಸ್ವತಃ ನುಡಿಸಿ ಬಲ್ಲವರಾದ್ದರಿಂದಲೇ ಅವರ ಆಯ್ಕೆಗೆ ಅಷ್ಟು ಖಚಿತತೆಯಿತ್ತೆಂದು ನಾವು ಭಾವಿಸುತ್ತೇವೆ.

ಪಡೆದುದೂ ಕಳೆದುದೂ

ಗ್ರಾಮಫೋನು ಬಾರದಿದ್ದರೆ ಚೆನ್ನಾಗಿತ್ತೆಂದು ಯಾರೂ ಹೇಳಲಾರರು. ಪಿಯಾನೊ ಕೊಳ್ಳಲಾರದ, ಪಾಠದ ಶುಲ್ಕ ಕೊಡಲಾರದ ಕೋಟ್ಯಂತರ ಜನರಿಗೆ ಅದು ಸಂಗೀತವನ್ನು ತಲುಪಿಸಿತು. ನಾಲ್ಕು ಕೈಗಳ ವಾದನವು ಎಷ್ಟೇ ಹರಡಿದ್ದರೂ ಅನುಕೂಲಸ್ಥರ ಮನೆಗಳನ್ನು ದಾಟಿ ಬಹಳ ದೂರ ಹೋಗಲಿಲ್ಲ. ಆದರೆ ಅದು ರೂಪಿಸಿದ್ದ ಒಂದು ಬಗೆಯ ಶ್ರೋತೃ ಅದರೊಂದಿಗೇ ಮರೆಯಾದನು. ಅವನು ಸಭಾಂಗಣಕ್ಕೆ ಬರುವ ಮೊದಲೇ ಕೃತಿಯ ಕಷ್ಟದ ತಿರುವುಗಳಲ್ಲಿ ಎಡವಿ ಎದ್ದವನು. ವಾದ್ಯವೃಂದವು ನುಡಿಸುವಾಗ ಆತ ಕೇಳುತ್ತಿದ್ದುದು ತನ್ನ ಬೆರಳುಗಳು ಆಗಲೇ ಬಲ್ಲ ಮಾತನ್ನು. ಅವನ ಪಾಲಿಗೆ ಸಿಂಫನಿಯು ಬೇರೆ ಯಾರೋ ಮಾಡಿಕೊಡುವ ವಸ್ತುವಾಗಿರಲಿಲ್ಲ. ಅರ್ಧಂಬರ್ಧವಾಗಿಯಾದರೂ ತಾನೇ ಮಾಡಿದ್ದಾಗಿತ್ತು.

ಈ ಚರಿತ್ರೆಯಲ್ಲಿ ಗಡಿನಾಡಿನ ನಮಗೆ ಸಲ್ಲುವ ಒಂದು ಅಂಶವಿದೆ. ರಾಜಧಾನಿಯಲ್ಲಿ ಪೂರ್ಣ ವೈಭವದಿಂದ ನಡೆಯುವುದು ದೂರದ ಊರಿಗೆ ಬರುವಾಗ ಕಿರಿದಾಗಿಯೇ ಬರುತ್ತದೆ. ಕಾಸರಗೋಡಿನಲ್ಲಿ, ಹೊಸೂರಿನಲ್ಲಿ, ಸೊಲ್ಲಾಪುರದಲ್ಲಿ, ಆದೋನಿಯಲ್ಲಿ ಕನ್ನಡವು ನಮ್ಮ ಕೈಸೇರುವುದೂ ಹಾಗೆಯೇ: ಒಂದು ಸಣ್ಣ ಗ್ರಂಥಾಲಯ, ಕೆಲವೇ ಮಕ್ಕಳಿರುವ ಒಂದು ತರಗತಿ, ವರ್ಷಕ್ಕೊಮ್ಮೆ ಸೇರುವ ಒಂದು ಸಮ್ಮೇಳನ. ಕಿರಿದಾದ ರೂಪವೆಂದು ನಾವು ಅದನ್ನು ಹೀಗಳೆಯಬೇಕಾಗಿಲ್ಲ. ಪೀಟರ್ಸ್‌ಬರ್ಗಿನ ಆ ತರುಣರು ಒಂದು ಪಿಯಾನೊದ ಮುಂದೆ ಕುಳಿತು ಬೀಥೋವನ್ನರನ್ನು ಕಲಿತದ್ದು ಸಾಲದೆ ಹೋಗಲಿಲ್ಲ. ಆದರೆ ಅವರು ಅದನ್ನು ನುಡಿಸಿ ಕಲಿತರು. ಇಂದು ನಮ್ಮ ಮನೆಗಳಲ್ಲಿ ಕನ್ನಡದ ಹಾಡು, ಹರಟೆ, ಧಾರಾವಾಹಿ ಎಲ್ಲವೂ ಗುಂಡಿ ಒತ್ತಿದೊಡನೆ ಕೇಳಿಸುತ್ತವೆ, ಅದು ಸಂತೋಷವೇ. ಕೇಳುವ ಕಿವಿಯೊಂದರಿಂದಲೇ ಭಾಷೆ ಮುಂದಿನ ತಲೆಮಾರಿಗೆ ದಾಟುವುದೇ ಎಂಬುದನ್ನು ಮಾತ್ರ ನಾವು ಯೋಚಿಸಬೇಕು. ಅಜ್ಜಿಯೂ ಮೊಮ್ಮಗಳೂ ಒಂದೇ ಪುಸ್ತಕದ ಮುಂದೆ ಕುಳಿತು, ಒಬ್ಬರು ತಡವರಿಸಿದಲ್ಲಿ ಇನ್ನೊಬ್ಬರು ಎತ್ತಿಕೊಟ್ಟು, ಒಂದು ಪುಟವನ್ನು ಗಟ್ಟಿಯಾಗಿ ಓದಿದರೆ ಅದು ಯಾವ ಸಭಾಂಗಣದ ವೈಭವಕ್ಕೂ ಕಡಿಮೆಯಲ್ಲ. ನಾಲ್ಕು ಕೈಗಳು ಒಂದು ಶತಮಾನದ ಕಾಲ ಒಂದು ಮಹಾಸಂಗೀತವನ್ನು ಹೊತ್ತು ನಡೆದವೆಂಬುದು ನಮಗೆ ಧೈರ್ಯ ಕೊಡುವ ಸಂಗತಿ.